ಎಡಗಡೆ ಸೀಟಿನ ಕೆಳಗೆ

ಕ್ಲಚ್ಚೇ ಇಲ್ಲದ ಗಾಡಿ ಎಂದರೆ ಅಥಣಿಯಲ್ಲಿ ಯಾರೂ ನಂಬಲಿಲ್ಲ. ನಮ್ಮ ಮನೆಯ ಮುಂದೆ ಆ ವ್ಯಾನು ಬಂದು ನಿಂತ ದಿನ ಓಣಿಯ ಗಂಡಸರೆಲ್ಲ ಒಬ್ಬರಾದ ಮೇಲೊಬ್ಬರು ಬಾಗಿಲಲ್ಲಿ ತಲೆ ತೂರಿಸಿ ಪೆಡಲುಗಳನ್ನು ನೋಡಿ, "ಒಂದ್ ಕಡಿಮಿ ಐತಲ್ರಿ, ಬರೂ ಹಾದ್ಯಾಗ ಎಲ್ಲರ ಬಿದ್ದೈತೇನೋ ನೋಡ್ರಿ" ಎಂದು ನಕ್ಕು ಹೋದರು. ನಾನು ನಗಲಿಲ್ಲ. ನಡೆಯಲು ಕಲಿಯುವ ಹೊತ್ತಿಗೇ ನನ್ನ ಎಡಗಾಲು ಪೋಲಿಯೊಗೆ ಹೋಗಿತ್ತು. ಅಂದಿನಿಂದ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು, ಬಗಲಲ್ಲಿ ಕೋಲು. ಕ್ಲಚ್ ತುಳಿಯುವುದು ಎಡಗಾಲಿನ ಕೆಲಸ. ಆ ಕೆಲಸವೇ ಇಲ್ಲದ ಗಾಡಿ ಈ ಭೂಮಿಯ ಮೇಲಿದೆ ಎಂದು ಗೊತ್ತಾದಾಗ ನನಗೆ ಇಪ್ಪತ್ತೈದು ದಾಟಿತ್ತು.

ಅದು ತೊಂಬತ್ತರ ದಶಕದ ಆರಂಭ. ಮುಂಬೈಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ ನನ್ನ ಸೋದರಮಾವ, ಪರದೇಶದಿಂದ ಮರಳಿದ ಯಾರೋ ತಂದಿದ್ದ ಜಪಾನಿನ ಹಳೆಯ ವ್ಯಾನನ್ನು ಕೊಂಡು, ನಾಲ್ಕು ದಿನ ಓಡಿಸಿ ಬೇಸರವಾಗಿ, ನನ್ನ ನೆನಪು ಬಂದು ಕಳಿಸಿಬಿಟ್ಟಿದ್ದ. ಎಂಜಿನ್ನು ಮುಂದಿನ ಸೀಟುಗಳ ಕೆಳಗೆ. ಎಡಗಡೆ ಸೀಟನ್ನು ಎತ್ತಿದರೆ ಪೆಟ್ಟಿಗೆಯ ಮುಚ್ಚಳ ತೆಗೆದಂತೆ ಬ್ಯಾಟರಿ, ವೈರು ಎಲ್ಲ ಕಾಣುತ್ತಿತ್ತು. ಗೇರನ್ನು ತಾನೇ ಬದಲಾಯಿಸಿಕೊಳ್ಳುವ ಗಾಡಿ ಅದು. ಒಳಗೊಂದು ಸಣ್ಣ ಕಂಪ್ಯೂಟರ್ ಪೆಟ್ಟಿಗೆ ವೇಗ ನೋಡಿಕೊಂಡು ಗೇರ್‌ಬಾಕ್ಸಿಗೆ ಕರೆಂಟು ಕಳಿಸುತ್ತಿತ್ತು, ಕರೆಂಟು ಬಂದಾಗ ಅಲ್ಲಿನ ವಾಲ್ವುಗಳು ತೆರೆದು ಮುಚ್ಚಿ ಗೇರು ಬದಲಾಗುತ್ತಿತ್ತು. ನಾನು ಮಾಡಬೇಕಾದದ್ದು ಬಲಗಾಲಿನಲ್ಲಿ ಒತ್ತುವುದು, ಬಿಡುವುದು. ನನಗೆ ಲೈಸೆನ್ಸು ಕೊಡಬೇಕೋ ಬೇಡವೋ ಎಂದು ಸಾಹೇಬರುಗಳು ತಲೆ ಕೆರೆದುಕೊಂಡದ್ದು ಬೇರೆಯೇ ಒಂದು ಪುರಾಣ, ಅದು ಇಲ್ಲಿ ಬೇಡ.

ನನ್ನ ಉದ್ಯೋಗ ಟೀವಿ ರಿಪೇರಿ. ಹೊರಗೆ ಓಡಾಡಲಾಗದ ಹುಡುಗಿ ಎಂದು ಮನೆಯವರು ಅಂಚೆಯಲ್ಲಿ ಬರುವ ರೇಡಿಯೊ ಕೋರ್ಸಿಗೆ ಹಚ್ಚಿದ್ದರು. ಹೊತ್ತು ಹೋಗಲಿ ಎಂದು ಹಚ್ಚಿದ್ದು, ಹೊಟ್ಟೆಪಾಡೇ ಆಯಿತು. ಮೊದಲು ರೇಡಿಯೊ, ಆಮೇಲೆ ಟೇಪ್ ರೆಕಾರ್ಡರ್, ಆಮೇಲೆ ಹಳ್ಳಿ ಹಳ್ಳಿಗೂ ಟೀವಿ ಬಂತು. ಸತ್ತಿಯಿಂದಲೋ ತೆಲಸಂಗದಿಂದಲೋ ಟೀವಿಯನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು. ನಾನು ರಿಪೇರಿ ಮಾಡಿದ್ದು ವಾಪಸ್ ಹೋಗುವಾಗ ಕುಲುಕಾಡಿ ಮತ್ತೆ ಕೆಡುತ್ತಿತ್ತು. ವ್ಯಾನು ಬಂದ ಮೇಲೆ ನಾನೇ ಟೀವಿ ಇದ್ದಲ್ಲಿಗೆ ಹೋಗತೊಡಗಿದೆ. "ಟೀವಿ ಅಕ್ಕಾರು ಬಂದಾರ" ಎಂದು ಹೆಂಗಸರು ಅಂಗಳಕ್ಕೆ ಬರುತ್ತಿದ್ದರು. ಅಲ್ಲಿಯವರೆಗೆ ಎಲ್ಲಿಗೆ ಹೋದರೂ ಯಾರದೋ ಹೆಗಲು, ಯಾರದೋ ಸೈಕಲ್ಲು. ಈಗ ಹೋಗಬೇಕು ಅನ್ನಿಸಿದರೆ ಹೋಗುವುದು, ಅಷ್ಟೆ. ಅದರ ರುಚಿ ಹತ್ತಿದವಳಿಗೆ ಬಿಡಿಸಲು ಬಂದವರ ಮೇಲೆ ಎಷ್ಟು ಸಿಟ್ಟು ಬರಬೇಕೋ ಅಷ್ಟು ಸಿಟ್ಟು ಮುಂದೆ ನನಗೂ ಬಂತು.

ಅವ್ವ ಮಾತ್ರ ಆ ಗಾಡಿಯಲ್ಲಿ ಒಮ್ಮೆಯೂ ಕೂತಿರಲಿಲ್ಲ. ಕರೆದಾಗಲೆಲ್ಲ "ನನಗ ಗಾಡ್ಯಾಗ ವಾಂತಿ ಬರತೈತಿ" ಎನ್ನುತ್ತಿದ್ದಳು. ಬಸ್ಸಿನಲ್ಲಿ ಕೊಲ್ಹಾಪುರದವರೆಗೆ ಹೋಗಿ ಬಂದಾಗ ಬಾರದ ವಾಂತಿ ಮಗಳ ಗಾಡಿಯಲ್ಲಿ ಹೇಗೆ ಬರುತ್ತದೆ ಎಂದು ಕೇಳಿದರೆ ಒಳಗೆ ಎದ್ದು ಹೋಗುತ್ತಿದ್ದಳು. ಗಾಡಿ ಬಂದ ಮೊದಲ ವಾರವೇ ಮುಂದಿನ ಬಂಪರಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಸರ ಕಟ್ಟಿದ್ದಳು. ಅಣ್ಣ ಅದನ್ನು ಕಿತ್ತು ಬಿಸಾಕಿದ. ಆಗ ತಾನೇ ಅವನಿಗೆ ಮುನಿಗಳ ಪ್ರವಚನದ ಹುಚ್ಚು ಹತ್ತಿತ್ತು. "ಇದೆಲ್ಲಾ ಮಿಥ್ಯಾತ್ವ. ಜೈನರ ಮನ್ಯಾಗ ಇಂಥಾದ್ದು ಶೋಭಿಸೂದಿಲ್ಲ" ಎಂದು ಅಂಗಳದಲ್ಲಿ ನಿಂತು ಉಪದೇಶ ಮಾಡಿದ. ಅವ್ವ ಬಿದ್ದ ಮೆಣಸಿನಕಾಯಿಗಳನ್ನು ಆರಿಸಿಕೊಂಡು ಒಳಗೆ ಹೋದಳು.

ಗಾಡಿ ಬಂದು ವರ್ಷ ಕಳೆದ ಮೇಲೆ ಕಾಟ ಶುರುವಾಯಿತು. ಸತ್ತಿಯಿಂದ ಬರುತ್ತಿದ್ದೆ. ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು, ಅದಕ್ಕೇ ಅವಸರ, ಆದರೂ ಹಾದಿಯಲ್ಲೇ ಮಬ್ಬಾಯಿತು. ಊರ ಹತ್ತಿರ ಬಂದಾಗ ಮುಂದಿನ ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಸಣ್ಣ ಹಳದಿ ದೀಪ ಕಣ್ಣು ಮಿಟುಕಿಸಿತು. ಗಾಡಿ ಒಂದೇ ಗೇರಿಗೆ ಕಚ್ಚಿಕೊಂಡಿತು. ನಿಂತು ಹೊರಟರೆ ಏರು ಹತ್ತುವ ಮುದಿ ಎತ್ತಿನ ಹಾಗೆ ನರಳುತ್ತದೆ, ಮುಂದೆ ಹೋಗುವುದಿಲ್ಲ. ಮರುದಿನ ಬೆಳಿಗ್ಗೆ ಕೀಲಿ ತಿರುವಿದರೆ ಏನೂ ಆಗಿಯೇ ಇಲ್ಲ ಎಂಬಂತೆ ಸುಭಗ. ಒಂದು ವಾರ ಬಿಟ್ಟು ಮತ್ತೆ ಸಂಜೆ ಅದೇ ರಂಪ. ಬರಬರುತ್ತ ದಿನಾ ಸಂಜೆ ಆಯಿತು.

"ಮೂರುಸಂಜಿ ಹೊತ್ತು. ನೆದರು ಬಿದ್ದೈತಿ" ಎಂದಳು ಅವ್ವ. "ಹೆಣ್ಣು ಹುಡುಗಿ, ಅದೂ ಕಾಲಿಲ್ಲದಾಕಿ ಗಾಡಿ ಹೊಡೀತಾಳಂದ್ರ ಮಂದಿ ಕಣ್ಣು ಸುಮ್ನ ಇರತಾವೇನು?"

ಅಣ್ಣ ನೆದರನ್ನು ನಂಬುವವನಲ್ಲ, ಗ್ಯಾರೇಜನ್ನು ನಂಬುವವನು. ಒಂದು ದಿನ ನಾನೇ ಓಡಿಸಿದೆ, ಅವನು ಪಕ್ಕದಲ್ಲಿ ಕೂತ, ಚಿಕ್ಕೋಡಿ ದಾಟಿ ನಿಪ್ಪಾಣಿಗೆ ಹೋದೆವು. ಸುಡುಬಿಸಿಲಿನಲ್ಲಿ ಅಷ್ಟು ದೂರ ಗಾಡಿ ನೀರು ಕುಡಿದಂತೆ ಸಲೀಸಾಗಿ ಓಡಿತು. ಹೆದ್ದಾರಿ ಬದಿಯ ಗ್ಯಾರೇಜಿನ ಮಿಸ್ತ್ರಿ ಲಾರಿಗಳನ್ನು ಬಿಚ್ಚಿ ಬಿಚ್ಚಿ ಪಳಗಿದವನು. ಅಣ್ಣ ನೀರು ಕುಡಿಯಲು ಹೋಗಿದ್ದಾಗ ಎಡಗಡೆ ಸೀಟನ್ನು ಎತ್ತಿದ. ಒಳಗೆ ಬ್ಯಾಟರಿಯ ಬದಿಯಲ್ಲಿ ಬಟ್ಟೆಯ ಗಂಟೊಂದು ತೂಗುತ್ತಿತ್ತು. ಎಲ್ಲ ಗಾಡಿಗಳಲ್ಲೂ ಇರುವಂಥದ್ದೇ, ದೃಷ್ಟಿಗೆ ಕಟ್ಟಿದ್ದು. ಮಿಸ್ತ್ರಿ ಅದನ್ನು ನೋಡಿ ಕೈಯನ್ನು ಹಣೆಗೆ ಮುಟ್ಟಿಸಿಕೊಂಡು, ಅದಕ್ಕೆ ತಾಗದಂತೆ ಬದಿಯಿಂದ ಕೈ ಹಾಕಿದ. ನಾನೂ ಅದನ್ನು ಮೊದಲೇ ಕಂಡಿದ್ದೆ. ಮುಂಬೈಯಿಂದ ಗಾಡಿ ತಂದ ಡ್ರೈವರ್ ಕಟ್ಟಿರಬೇಕು ಎಂದುಕೊಂಡು, ಅಣ್ಣನ ಕಣ್ಣಿಗೆ ಬಿದ್ದರೆ ಇನ್ನೊಂದು ಪ್ರವಚನ ಎಂದು ಸುಮ್ಮನಿದ್ದೆ. ಬೇರೆಯವರು ಕಟ್ಟಿದ ಗಂಟನ್ನು ಬಿಚ್ಚಲು ನಮ್ಮ ಕಡೆ ಯಾರ ಕೈಯೂ ಏಳುವುದಿಲ್ಲ.

ಅಣ್ಣ ಬಂದ ಮೇಲೆ ಮಿಸ್ತ್ರಿ ಗೇರ್‌ಬಾಕ್ಸಿನ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದ. "ಹೇ ಕಾಹೀ ಖರಂ ನಾಹೀ, ಅಣ್ಣಾರ. ಇದರ ಕತಿ ಮುಗದೈತಿ. ಒಳಗ ಸುಟ್ಟೈತಿ. ಇದನ್ನ ತಗದ ಒಗದು ನಮ್ಮ ದೇಶದ ಗೇರ್‌ಬಾಕ್ಸ್ ಕುಂದ್ರಿಸೋಣ್ರಿ. ಕ್ಲಚ್ ಹಾಕಿ ಕೊಡ್ತೀನಿ, ಮುಂದ ನಿಮ್ಮ ಮೊಮ್ಮಕ್ಕಳ ತನಕ ಕಾಳಜಿ ಇಲ್ಲ" ಎಂದ. ನಾನೂ ಆ ಎಣ್ಣೆಯನ್ನು ಮೂಸಿದೆ. ನನಗೆ ಎಣ್ಣೆಯ ವಾಸನೆಯೇ ಬಂತು.

ವಾಪಸ್ ಬರುವಾಗ ಚಿಕ್ಕೋಡಿಯಲ್ಲೇ ಸಂಜೆಯಾಯಿತು. ಊರು ದಾಟಿದ್ದೇ ಹಳದಿ ದೀಪ ಮಿಟುಕತೊಡಗಿತು. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ ಹೋದರು, ಹೋಗುವಾಗ ತಿರುಗಿಯೂ ನೋಡಿದರು. ಅಣ್ಣ ಹೇಳಿದ: "ನೋಡವಾ, ಹಟಾ ಮಾಡಬ್ಯಾಡ. ಸತ್ತಿ ಹಾದ್ಯಾಗ ಕಬ್ಬಿನ ಹೊಲದ ನಡುವ ಗಾಡಿ ನಿಂತ್ರ ನೀ ನಡದ ಬರಾಕಿ ಏನು? ಕ್ಲಚ್ ಹಾಕಸೋಣು. ಒಬ್ಬ ಡ್ರೈವರ್ ಇಡೋಣು. ನೀ ಹಿಂದ ಕುಂತು ಆರಾಮ ಹೋಗು."

"ಹಿಂದ ಕುಂದ್ರೂದನ್ನ ನಾ ಹುಟ್ಟಿದಾಗಿಂದ ಮಾಡೀನಿ. ಸಾಕಾಗೈತಿ."

"ಮಿಸ್ತ್ರಿಗೆ ಹೇಳಿ ಬಂದೀನಿ. ಅಮಾಸಿ ಮುಗಿಯೂತನಾ ಅಂವ ಹೊಸಾ ಕೆಲಸಕ್ಕ ಕೈ ಹಚ್ಚೂದಿಲ್ಲಂತ. ಅಮಾಸಿ ಮರುದಿನ ಗಾಡಿ ಒಯ್ತೀನಿ."

ಅಣ್ಣ ಕೆಟ್ಟವನಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು. ಒಂದು ಪೆಡಲು ಹೆಚ್ಚಾದರೆ ಗಾಡಿ ಎಲ್ಲರದಾಗುತ್ತಿತ್ತು, ನನ್ನೊಬ್ಬಳದು ಮಾತ್ರ ಆಗುತ್ತಿರಲಿಲ್ಲ. ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇದ್ದವು. ಗೇರ್‌ಬಾಕ್ಸ್ ನಿಜಕ್ಕೂ ಸುಟ್ಟಿದ್ದರೆ ನಾನೇ ನಿಪ್ಪಾಣಿಗೆ ಓಡಿಸಿಕೊಂಡು ಹೋಗಿ ಬಿಟ್ಟು ಬರುತ್ತೇನೆ, ಆದರೆ ನನ್ನ ಮೀಟರು ಹೇಳದೆ ನಂಬುವುದಿಲ್ಲ ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಗೋಣಿತಟ್ಟು ಹಾಸಿ, ಕಾಲಿನ ಪಟ್ಟಿ ಬಿಚ್ಚಿಟ್ಟು, ಗಾಡಿಯ ಕೆಳಗೆ ತೆವಳಿಕೊಂಡು ಹೋದೆ. ತೆವಳುವುದರಲ್ಲಿ ನನ್ನನ್ನು ಮೀರಿಸಿದವರು ಯಾರೂ ಇರಲಿಲ್ಲ, ಚಿಕ್ಕಂದಿನ ಅಭ್ಯಾಸ. ಗೇರ್‌ಬಾಕ್ಸಿಗೆ ಹೋಗುವ ವೈರುಗಳ ಜೋಡಣೆಯನ್ನು ಬಿಡಿಸಿ, ಬ್ಯಾಟರಿಯಿಂದ ನೇರವಾಗಿ ಒಂದೊಂದೇ ವಾಲ್ವಿಗೆ ಕರೆಂಟು ಮುಟ್ಟಿಸಿದೆ. ಕಟ್. ಇನ್ನೊಂದಕ್ಕೆ ಮುಟ್ಟಿಸಿದೆ. ಕಟ್. ಎಲ್ಲವೂ ಬೆರಳಿಂದ ಲಟಿಕೆ ಮುರಿದ ಹಾಗೆ ಸ್ಪಷ್ಟವಾಗಿ ಉತ್ತರ ಕೊಟ್ಟವು. ವಾಲ್ವುಗಳು ಗಟ್ಟಿಮುಟ್ಟಾಗಿದ್ದವು. ಅಲ್ಲೇ ಮಲಗಿಕೊಂಡು ಒಬ್ಬಳೇ ನಕ್ಕೆ. ನಗು ಕೇಳಿ ಅವ್ವ ಹೊರಗೆ ಬಂದು, "ಅಲ್ಲೇನ ಮಾಡಾಕತ್ತೀ? ಎದ್ದ ಬಾ, ಗಾಡಿ ಮೈಮ್ಯಾಲ ಬೀಳತೈತಿ" ಎಂದಳು. ಆಮೇಲೆ ಫ್ಯೂಸುಗಳನ್ನು ನೋಡಿದೆ, ಸರಿಯಿದ್ದವು. ಕಂಪ್ಯೂಟರ್ ಪೆಟ್ಟಿಗೆಗೆ ಬರುವ ಕರೆಂಟು ನೋಡಿದೆ, ಬರುತ್ತಿತ್ತು. ಎಲ್ಲ ಸರಿ, ಗಾಡಿ ಮಾತ್ರ ಸರಿಯಿಲ್ಲ. ಎರಡು ದಿನ ತಲೆ ಕೆಟ್ಟು ಗೊಬ್ಬರವಾಯಿತು. ಮನೆಯಲ್ಲಿ ಯಾರು ಮಾತಾಡಿಸಿದರೂ ಕಚ್ಚಲು ಹೋಗುತ್ತಿದ್ದೆ.

ಮೂರನೆಯ ದಿನ ಟೀವಿಯೊಂದನ್ನು ಬಿಚ್ಚಿ ಕೂತಿದ್ದಾಗ ಬೇರೆ ದಿಕ್ಕಿನಿಂದ ಯೋಚನೆ ಬಂತು. ಸಂಜೆಯೇ ಯಾಕೆ? ಗಾಡಿ ಕಾಯುತ್ತದೆ ಎನ್ನೋಣವೇ, ನಿಪ್ಪಾಣಿಗೆ ಹೋದದ್ದು ಕೆಂಡದಂಥ ಬಿಸಿಲಲ್ಲಿ, ಏನೂ ಆಗಲಿಲ್ಲ. ಬಹಳ ದೂರ ಓಡಿದ್ದಕ್ಕೆ ಎನ್ನೋಣವೇ, ಅಥಣಿಯಿಂದ ನಿಪ್ಪಾಣಿ, ಸತ್ತಿಗಿಂತ ಎಷ್ಟೋ ದೂರ. ಹೊತ್ತು ಮುಳುಗಿತು ಎಂಬುದು ಗೇರ್‌ಬಾಕ್ಸಿಗೆ ಹೇಗೆ ತಿಳಿಯಬೇಕು? ಅದಕ್ಕೇನು ಕಣ್ಣಿದೆಯೇ, ಊಟದ ವ್ರತವಿದೆಯೇ? ತಿಳಿಸುವವಳು ನಾನೇ. ಸಂಜೆಯಾದರೆ ಮುಂದಿನ ದೀಪ ಹಚ್ಚುತ್ತೇನಲ್ಲ!

ಬಗಲಿಗೆ ಕೋಲು ಕೊಟ್ಟುಕೊಂಡು ಓಡಿದೆ. ನನ್ನ ಓಟ ಎಂದರೆ ಎಷ್ಟೋ ಅಷ್ಟು. ನಡುಮಧ್ಯಾಹ್ನ ಗಾಡಿ ಚಾಲು ಮಾಡಿ ಅಂಗಳದಲ್ಲೇ ನಿಲ್ಲಿಸಿ ದೀಪ ಹಚ್ಚಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹಳದಿ ದೀಪ ಮಿಟುಕಿತು. ಹಚ್ಚಿದ ದೀಪ ಆರಿಸಿ, ಕೀಲಿ ತಿರುವಿ ಗಾಡಿ ಮತ್ತೆ ಚಾಲು ಮಾಡಿದೆ. ಸುಮ್ಮನಿತ್ತು. ಮತ್ತೆ ದೀಪ ಹಚ್ಚಿದೆ, ಮತ್ತೆ ಮಿಟುಕಿತು. ನೆದರಿಗೆ ಸ್ವಿಚ್ ಇರುವುದಿಲ್ಲ. ಸ್ವಿಚ್ಚಿನಿಂದ ಬಂದು ಸ್ವಿಚ್ಚಿನಿಂದ ಹೋಗುವ ಕಾಟವನ್ನು ನಾನು ಹಿಡಿದೇ ಹಿಡಿಯುತ್ತೇನೆ.

ಇಂಥದ್ದನ್ನು ತೆಲಸಂಗದಲ್ಲಿ ಒಮ್ಮೆ ಕಂಡಿದ್ದೆ. ಪಕ್ಕದ ಫ್ಯಾನ್ ಹಾಕಿದರೆ ಸಾಕು, ಅವರ ರೇಡಿಯೊ ಗುಂಯ್ ಎನ್ನುತ್ತಿತ್ತು. ರೇಡಿಯೊದಲ್ಲೂ ದೋಷವಿರಲಿಲ್ಲ, ಫ್ಯಾನಿನಲ್ಲೂ ಇರಲಿಲ್ಲ, ಎರಡಕ್ಕೂ ಕೂಡಿದ್ದ ಅರ್ಥಿಂಗ್ ತಂತಿ ಸಡಿಲವಾಗಿತ್ತು. ಕರೆಂಟು ಬ್ಯಾಟರಿಯಿಂದ ಹೊರಟು ಕೆಲಸ ಮಾಡಿ ಗಾಡಿಯ ಮೈಯ ಮೂಲಕ ಮತ್ತೆ ಬ್ಯಾಟರಿಗೆ ಬರಬೇಕು. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ನಾನೂ ಎರಡು ದಿನ ಅದನ್ನೇ ನೋಡಿದ್ದೆ. ಬರುವ ದಾರಿ ಕಟ್ಟಿಕೊಂಡಿದ್ದರೆ? ಒಬ್ಬರೇ ಬಂದಾಗ ಹೇಗೋ ನುಸುಳಿ ಬರುತ್ತಾರೆ, ದೀಪದ ಕರೆಂಟೂ ಅದೇ ಬಾಗಿಲಿಗೆ ಬಂದಾಗ ನೂಕುನುಗ್ಗಲಾಗುತ್ತದೆ.

ಅಮಾವಾಸ್ಯೆಯ ಮಧ್ಯಾಹ್ನ ಎಡಗಡೆ ಸೀಟು ಎತ್ತಿ, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಗೇರಿನ ಕಂಪ್ಯೂಟರಿನಿಂದ ವಾಪಸ್ ಬರುವ ಕರಿ ವೈರಿಗೂ ಹಿಡಿದೆ. ದಾರಿ ಚೊಕ್ಕಟವಾಗಿದ್ದರೆ ಮುಳ್ಳು ಸೊನ್ನೆಯಲ್ಲೇ ಕೂತಿರಬೇಕು. ದೀಪ ಹಚ್ಚಿದೆ. ಮುಳ್ಳು ಕೂತಲ್ಲಿಂದ ಎದ್ದಿತು. ಆ ಕರಿ ವೈರನ್ನು ಬೆರಳಲ್ಲೇ ಹಿಡಿದುಕೊಂಡು ಹೋದೆ. ನಾಲ್ಕಾರು ಕರಿ ವೈರುಗಳು ಕೂಡಿ ಗಾಡಿಯ ಮೈಗೆ ಒಂದೇ ಬೋಲ್ಟಿನಲ್ಲಿ ಬಿಗಿಯಾಗಿದ್ದವು. ಬೋಲ್ಟು ಕಾಣಿಸಲಿಲ್ಲ. ಅದರ ಮೇಲೆಯೇ ಆ ಗಂಟು ಕಟ್ಟಿತ್ತು.

ನನ್ನ ಕೈಯೂ ಒಂದು ಕ್ಷಣ ನಿಂತಿತು, ಸುಳ್ಳು ಹೇಳಲಾರೆ. ಆಮೇಲೆ ಬಿಚ್ಚಿದೆ. ಬಿಚ್ಚಿದರೆ ಒಂದಲ್ಲ. ಮೇಲಿನ ಗಂಟಿನ ಕೆಳಗೆ ಹಳೆಯದೊಂದು, ಅದರ ಕೆಳಗೆ ಮತ್ತೊಂದು, ಬಟ್ಟೆ ಕೊಳೆತು ಬೋಲ್ಟಿಗೆ ಅಂಟಿಕೊಂಡು, ಬಿಳಿ ಹಸಿರು ಕಿಲುಬು ದಪ್ಪಗೆ ಕಟ್ಟಿತ್ತು. ಒಳಗೆ ಲಿಂಬೆಹಣ್ಣು, ಮೆಣಸಿನಕಾಯಿ, ಹಿಡಿ ಹರಳುಪ್ಪು. ಎಂಜಿನ್ನಿನ ಕಾವಿಗೆ ಹಣ್ಣು ಹಿಂಡಿದಂತಾಗಿ ಹುಳಿಯೂ ಉಪ್ಪೂ ಇಳಿದು ಇಳಿದು ಬೋಲ್ಟನ್ನು ತಿಂದುಬಿಟ್ಟಿದ್ದವು. ಮೇಲಿನ ಹಣ್ಣು ಒಂದು ಮಗ್ಗುಲಿಗೆ ಇನ್ನೂ ಹಳದಿಯಾಗಿತ್ತು. ಮುಂಬೈಯ ಡ್ರೈವರ್ ಹೋಗಿ ವರ್ಷ ಮೀರಿತ್ತು. ಬಟ್ಟೆಯನ್ನು ಬೆಳಕಿಗೆ ಹಿಡಿದೆ. ಹಸಿರು ಖಣದ ತುಂಡು. ಅವ್ವನ ಹಳೆಯ ಕುಬಸ.

ತಲೆ ಎತ್ತಿದರೆ ಅವ್ವ ಎದುರಿಗೇ ನಿಂತಿದ್ದಳು. ಅಮಾವಾಸ್ಯೆ, ಅಣ್ಣ ಅಂಗಡಿಯಲ್ಲಿ, ನಾನು ಊಟ ಮಾಡಿ ಮಲಗಿದ್ದೇನೆ ಎಂದು ತಿಳಿದು ಬಂದವಳು. ಉಡಿಯಲ್ಲಿ ಏನನ್ನೋ ಮುಚ್ಚಿ ಹಿಡಿದಿದ್ದಳು.

"ಅವ್ವಾ, ಉಡ್ಯಾಗ ಏನೈತಿ?"

"ಏನಿಲ್ಲ. ಮೆಣಸಿನಕಾಯಿ."

"ಲಿಂಬಿಹಣ್ಣು? ಉಪ್ಪು?"

ಅವ್ವ ನನ್ನ ಕೈಯಲ್ಲಿದ್ದುದನ್ನು ನೋಡಿದಳು. "ನಿಮ್ಮಣ್ಣಗ ಹೇಳಬ್ಯಾಡಬೇ" ಎಂದಳು.

"ಹೇಳ್ತೀನಿ! ಓಣಿ ತುಂಬ ಹೇಳ್ತೀನಿ! ಗಾಡಿ ಕೆಡಿಸಿದಾಕಿ ನೀನ. ಗಾಡಿ ನಿಂತಂಗೆಲ್ಲ ಹೊಸಾ ಗಂಟು ಕಟ್ಟೀದಿ, ನೀ ಗಂಟು ಕಟ್ಟಿದಂಗೆಲ್ಲ ಗಾಡಿ ನಿಂತೈತಿ. ನಾಳೆ ನನ್ನ ಕೈಯಿಂದ ಇದನ್ನ ಕಸಗೊಂಡ ಒಯ್ತಾರ, ಗೊತ್ತೈತೇನು? ಕಟ್ಟಾಕ ಬೇರೆ ಜಾಗಾ ಸಿಗಲಿಲ್ಲೇನು ನಿನಗ? ಹಿಂದ ಕಟ್ಟಬೇಕಿತ್ತು, ಡಿಕ್ಕ್ಯಾಗ ಕಟ್ಟಬೇಕಿತ್ತು! ಈ ಸೀಟಿನ ಬುಡಕ ಯಾಕ?"

ಅವ್ವ ಮೆಟ್ಟಿಲ ಮೇಲೆ ಕೂತಳು. ಸೀಟಿನ ಕಡೆ ನೋಡಿ ಹೇಳಿದಳು: "ನಿನ್ನ ಬಾಜೂಕ ಯಾರರ ಇರಬೇಕಲ್ಲಬೇ. ಒಂದ ಕಾಲಾಗ ನೀ ಇಷ್ಟ ದೊಡ್ಡ ಗಾಡಿ ಹೊಡಿಯೂದ ನೋಡಿದ್ರ ನನ್ನ ಎದಿ ಒಡೀತೈತಿ. ಕುಂದ್ರಾಕ ನನಗ ಧೈರ್ಯ ಸಾಲೂದಿಲ್ಲ. ಅದಕ ನನ್ನ ಬದ್ಲಿ ಅದನ್ನ ಕುಂದ್ರಿಸಿದ್ದೆ."

ಅವಳಿಗೆ ನನ್ನ ಗಾಡಿ ಕಂಡರೆ ಆಗದು ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. ನಾನು ಸತ್ತಿಗೆ ಹೋದಾಗ, ತೆಲಸಂಗಕ್ಕೆ ಹೋದಾಗ, ಅವಳ ಕುಬಸದ ತುಂಡೊಂದು ನನ್ನ ಪಕ್ಕದಲ್ಲೇ ಬಂದಿತ್ತು. ಅಳು ಬಂತು, ಅದನ್ನು ಮುಚ್ಚಲು "ಪಾನಾ ಕೊಡಿಲ್ಲೆ" ಎಂದು ಗದರಿದೆ. ಅವ್ವ ಪೆಟ್ಟಿಗೆಯೊಳಗೆ ಹುಡುಕಿ, ಸ್ಪ್ಯಾನರ್ ಬದಲು ಇಕ್ಕಳ ಕೊಟ್ಟಳು.

ಬೋಲ್ಟನ್ನು ಬಿಚ್ಚಿ, ವೈರುಗಳ ತುದಿಗಳನ್ನೂ ಅದು ಕೂರುವ ಜಾಗವನ್ನೂ ಪಾಲಿಶ್ ಪೇಪರಿನಿಂದ ಬೆಳ್ಳಿಯಂತೆ ಹೊಳೆಯುವವರೆಗೆ ತಿಕ್ಕಿದೆ. ಬಟ್ಟೆಯಿಂದ ಒರೆಸುವ ಕೆಲಸ ಅವ್ವನದು. ಹೊಸ ಬೋಲ್ಟು ಹಾಕಿ ಬಿಗಿದು ಮೇಲೆ ವ್ಯಾಸಲೀನ್ ಬಳಿದೆ. ದೀಪ ಹಚ್ಚಿ ಮೀಟರು ಹಿಡಿದೆ. ಮುಳ್ಳು ಮಿಸುಕಲಿಲ್ಲ.

ಅಷ್ಟರಲ್ಲಿ ಅಣ್ಣ ಸಂಜೆಯ ಊಟಕ್ಕೆ ಬಂದ. ಅರ್ಥಿಂಗಿಗೆ ಕಿಲುಬು ಹಿಡಿದಿತ್ತು ಎಂದಷ್ಟೇ ಹೇಳಿದೆ. ಅವನು ನಂಬದೆ ನಕ್ಕ. "ಈಗ ಸತ್ತಿಗೆ ಹೋಗಿ ಬರ್ತೀನಿ, ಬರುವಾಗ ದೀಪಾ ಹಚ್ಚಿಕೊಂಡು. ನಿಂತರ ನಾಳೆ ಮುಂಜಾನೆ ನಾನ ನಿಪ್ಪಾಣಿಗೆ ಒಯ್ದ ಬಿಡ್ತೀನಿ" ಎಂದೆ.

"ಒಬ್ಬಾಕಿ ಹೋಗಿ ಹಾದ್ಯಾಗ ನಿಂತರ?"

"ಒಬ್ಬಾಕಿ ಯಾಕ? ನಾ ಹೊಕ್ಕೀನಿ ಕೂಡ" ಎಂದಳು ಅವ್ವ.

ಅಣ್ಣ ಅವಳನ್ನೇ ನೋಡಿದ. "ಹೊತ್ತು ಮುಳಗಾಕ ಬಂತು. ನಿನ್ನ ಊಟ?"

"ಒಂದ್ ಹೊತ್ತು ಉಪಾಸ ಆದ್ರ ಯಾರೂ ಸಾಯಂಗಿಲ್ಲ."

ಎಡಗಡೆ ಸೀಟಿಗೆ ಅವಳನ್ನು ಹತ್ತಿಸಲು ನಾನೇ ಕೈ ಕೊಟ್ಟೆ. ಇಷ್ಟು ವರ್ಷ ನನ್ನನ್ನು ಹತ್ತಿಸಿದ ಕೈ ಅದು. ಹೋಗುವಾಗ ಎರಡೂ ಕೈಯಿಂದ ಸೀಟಿನ ಅಂಚು ಹಿಡಿದು ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದಳು. ಸತ್ತಿಯಲ್ಲಿ ಗಾಡಿ ತಿರುಗಿಸಿ ದೀಪ ಹಚ್ಚಿದೆ. ನನ್ನ ಕಣ್ಣೆಲ್ಲ ಹಳದಿ ದೀಪದ ಮೇಲೆ. ಗಾಡಿ ಹೊರಟಿತು, ಎಂಜಿನ್ನಿನ ದನಿ ಏರಿತು, ಏರಿ ಸಣ್ಣಗೆ ಇಳಿಯಿತು.

"ಏನಾತು?" ಎಂದು ಅವ್ವ ಕಣ್ಣು ಬಿಟ್ಟಳು.

"ಗೇರ್ ಬದಲಾತು."

"ನೀ ಏನೂ ಮಾಡಲಿಲ್ಲಲ್ಲ?"

"ಅದ ಮಾಡಿಕೋತೈತಿ ಅವ್ವಾ."

ಮುಂದೆ ಎತ್ತಿನ ಬಂಡಿ ಬಂದರೆ ನಿಧಾನ ಮಾಡುವುದು, ದಾಟಿ ಮತ್ತೆ ಓಡಿಸುವುದು. ಪ್ರತಿ ಸಲ ದನಿ ಏರಿ ಇಳಿಯಿತು. ಕೊನೆಕೊನೆಗೆ ಅವ್ವ ಕೇಳುವುದನ್ನು ಬಿಟ್ಟು ತಾನೇ ಹೇಳತೊಡಗಿದಳು: "ಹಾಂ, ಈಗ ಬದಲಾತು." ಹಳದಿ ದೀಪ ಒಮ್ಮೆಯೂ ಮಿಟುಕಲಿಲ್ಲ. ಮನೆಗೆ ಬಂದಾಗ ಅಣ್ಣ ಬಾಗಿಲಲ್ಲೇ ನಿಂತಿದ್ದ. ಮರುದಿನ ಬೆಳಿಗ್ಗೆ ನಿಪ್ಪಾಣಿಗೆ ಹೋಗುವವರೊಬ್ಬರ ಕೈಯಲ್ಲಿ, ಗಾಡಿ ಬರುವುದಿಲ್ಲ ಎಂದು ಮಿಸ್ತ್ರಿಗೆ ಹೇಳಿ ಕಳಿಸಿದ.

ಮುಂದಿನ ಅಮಾವಾಸ್ಯೆಗೆ ನಾನೇ ಪೇಟೆಯಿಂದ ಲಿಂಬೆಹಣ್ಣು ತಂದು ಅವ್ವನ ಮುಂದಿಟ್ಟೆ. ಡಿಕ್ಕಿಯಲ್ಲಿ ಎಲ್ಲಿ ಕಟ್ಟಿದರೆ ಯಾವ ವೈರಿಗೂ ತಾಗುವುದಿಲ್ಲ ಎಂದು ಜಾಗವನ್ನೂ ತೋರಿಸಿದೆ. ಅವ್ವ ಹಣ್ಣನ್ನು ಒಯ್ದು ಉಪ್ಪಿನಕಾಯಿಗೆ ಹೆಚ್ಚಿದಳು. ಆಮೇಲೆ ಸೀರೆ ಬದಲಿಸಿ ಬಂದು, ತೆಲಸಂಗಕ್ಕೆ ಹೊರಟಿದ್ದ ನನ್ನ ಗಾಡಿಯ ಎಡಗಡೆ ಬಾಗಿಲನ್ನು ತಾನೇ ತೆಗೆದಳು.

"ನಾನ ಕುಂದ್ರಾಕತ್ತ ಮ್ಯಾಲ" ಎಂದಳು, "ಮತ್ತ್ಯಾಕ ಅದು?"